ಹಂಪೆಯ ಸೀಮೆಯ ಕೌದಿ: ತೆರಿಗೆಗೆ ಸಿಗದ ಒಂದು ಕೈಗೆಲಸ

ವಿಜಯನಗರ ಕಾಲದ ಆರ್ಥಿಕ ಜೀವನವನ್ನು ಕುರಿತು ಬರೆದ ವಿದ್ವಾಂಸರಲ್ಲಿ ನೇಕಾರರ ಮಾತನ್ನು ಎತ್ತದವರು ವಿರಳ. ಇದರ ಕಾರಣ ಸ್ಪಷ್ಟವಾಗಿಯೇ ಇದೆ. ಮಗ್ಗದ ಮೇಲೆ ತೆರಿಗೆಯಿತ್ತು. ತೆರಿಗೆಯಿದ್ದುದರಿಂದ ಅದನ್ನು ವಿಧಿಸಿದ, ದೇವಸ್ಥಾನಕ್ಕೆ ಬಿಟ್ಟುಕೊಟ್ಟ, ಒಮ್ಮೊಮ್ಮೆ ಮನ್ನಾ ಮಾಡಿದ ಸಂಗತಿಗಳು ಕಲ್ಲಿನ ಮೇಲೆ ನಿಂತವು. 'ಮಗ್ಗದೆರೆ' ಎಂಬ ಮಾತು ಶಾಸನಗಳನ್ನು ಓದುವವರಿಗೆ ಹೊಸದಲ್ಲ. ನೇಕಾರರ ಮಾತು ಹಾಗಿರಲಿ, ಕ್ಷೌರಿಕರಂಥ ಸಣ್ಣ ಕಸುಬಿನವರೂ ಸಹ ಸದಾಶಿವರಾಯನ ಆಳ್ವಿಕೆಯಲ್ಲಿ ಶಾಸನಗಳಲ್ಲಿ ಕಾಣಿಸಿಕೊಂಡರು. ಅಳಿಯ ರಾಮರಾಯನು ಅವರ ಮೇಲಿನ ತೆರಿಗೆಯನ್ನು ಬಿಟ್ಟುಕೊಟ್ಟದ್ದೇ ಅದಕ್ಕೆ ನಿಮಿತ್ತ. ತೆರಿಗೆಯೆಂಬುದು ಒಂದಿರದೆ ಹೋಗಿದ್ದರೆ ಈ ಜನರ ಹೆಸರು ನಮ್ಮವರೆಗೆ ಬರುತ್ತಲೇ ಇರಲಿಲ್ಲ.

ಆದರೆ ಬಟ್ಟೆಯ ಆಯುಷ್ಯ ಮಗ್ಗದಿಂದ ಇಳಿದೊಡನೆ ಮುಗಿಯುವುದಿಲ್ಲ. ಉಟ್ಟು, ಒಗೆದು, ಹರಿದು, ಇನ್ನು ಉಡಲಿಕ್ಕೆ ಬಾರದೆಂದು ಆದ ಮೇಲೆ ಅದಕ್ಕೆ ಎರಡನೆಯ ಆಯುಷ್ಯವೊಂದು ಮನೆಯೊಳಗೆ, ಹೆಂಗಸರ ಕೈಯಲ್ಲಿ, ಸೂಜಿಯ ಮೊನೆಯಿಂದ ಆರಂಭವಾಗುತ್ತದೆ. ಇದರ ಫಲವೇ ಕೌದಿ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಹೊಲಿದು ಸಿದ್ಧಗೊಳಿಸುವ ಈ ಹಾಸುಹೊದಿಕೆಯನ್ನು ಅರಿಯದ ಮನೆ ತುಂಗಭದ್ರೆಯ ಎರಡು ದಡಗಳಲ್ಲಿಯೂ ಇರಲಾರದು. ಇದಕ್ಕೆ ಯಾವ ಅರಸನೂ ತೆರಿಗೆ ಹಾಕಿದಂತೆ ನಾವು ಕಂಡಿಲ್ಲ. ಹಾಕದೆ ಉಳಿದುದರಿಂದಲೇ ಇದಕ್ಕೆ ಚರಿತ್ರೆಯಿಲ್ಲವೆಂಬ ಭಾವನೆ ಬೆಳೆದಿದೆ. ಈ ಭಾವನೆ ಸರಿಯಲ್ಲವೆಂದೂ, ಕೌದಿಯನ್ನು ಸ್ವತಃ ಒಂದು ದಾಖಲೆಯಾಗಿ ಓದಬೇಕೆಂದೂ, ಆ ಓದಿಗೆ ಉಳಿದಿರುವ ಕಾಲ ಬಹಳವಿಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಕಳೆದ ಎರಡು ಬೇಸಿಗೆಗಳಲ್ಲಿ ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರು ಮತ್ತು ಮರಿಯಮ್ಮನಹಳ್ಳಿಯ ಕೆಲವು ಮನೆಗಳಲ್ಲಿ ನಾವು ಕಂಡು ಕೇಳಿದ ಸಂಗತಿಗಳು ಇದಕ್ಕೆ ಆಧಾರ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ಈ ಕೆಲಸವನ್ನು 'ಬಿಡುವಿನ ವೇಳೆಯ ಹವ್ಯಾಸ' ಎಂಬ ತಲೆಬರಹದ ಕೆಳಗೆ ಇರಿಸಿಕೊಂಡು ನಾವು ಪ್ರಶ್ನೆಗಳನ್ನು ಸಿದ್ಧಪಡಿಸಿದ್ದೆವು. ಕಮಲಾಪುರದ ಒಬ್ಬ ವೃದ್ಧೆಯನ್ನು, ಬಿಡುವಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಹೊಲಿಯುವಿರಿ ಎಂದು ಕೇಳಿದಾಗ ಆಕೆ ನಕ್ಕು, "ಬಿಡುವು ಎಲ್ಲೈತಪ್ಪಾ ನಮಗ? ಕೈ ಸುಮ್ಮ ಕುಂದ್ರಬಾರ್ದು ಅಂತ ಹೊಲೀತೀವಿ" ಎಂದರು. ಆ ಒಂದು ಮಾತಿನಿಂದ ನಮ್ಮ ಪ್ರಶ್ನಾವಳಿಯ ಅರ್ಧ ಭಾಗ ನಿರರ್ಥಕವಾಯಿತು. ಬಿಡುವೆಂಬುದು ಕಚೇರಿಗೆ ಹೋಗಿ ಬರುವವರ ಮಾತು. ಕೆಲಸಕ್ಕೂ ಮನೆಗೂ ನಡುವೆ ಗೆರೆಯಿಲ್ಲದ ಬದುಕಿನಲ್ಲಿ ಇರುವುದು ಬಿಡುವಲ್ಲ, ಒಂದು ಕೆಲಸಕ್ಕೂ ಇನ್ನೊಂದು ಕೆಲಸಕ್ಕೂ ನಡುವಿನ ಸಂದು. ಸುಗ್ಗಿ ಮುಗಿದು ಮಳೆ ಬೀಳುವವರೆಗಿನ ಬೇಸಿಗೆ, ಮಧ್ಯಾಹ್ನ ಊಟವಾಗಿ ದನ ಬರುವವರೆಗಿನ ಹೊತ್ತು, ಕೂಸು ಮಲಗಿರುವ ಗಳಿಗೆ: ಕೌದಿಯ ಹೊಲಿಗೆಯೆಲ್ಲವೂ ಇಂಥ ಸಂದುಗಳಲ್ಲಿ ಬಿದ್ದದ್ದು.

ಕೈಗೆಲಸದ ಈ ಎರಡು ಬಗೆಗಳ ಭೇದ ನಮ್ಮ ನಾಡಿಗೆ ಹಳೆಯದು. ೧೨ನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ, ಕದಿರ ರೆಮ್ಮವ್ವೆ ಇದ್ದಾಳೆ, ಅವರಿಗಿಂತ ಹಿಂದೆ ಜೇಡರ ದಾಸಿಮಯ್ಯನಿದ್ದಾನೆ. ಹೊಲಿಗೆ, ನೂಲುವಿಕೆ, ನೇಯ್ಗೆ ಮೂರೂ ಅಲ್ಲಿ ಕಾಯಕವಾಗಿ ಮಾನ್ಯತೆ ಪಡೆದಿವೆ. ಆ ಕಾಯಕವೇ ಅವರ ಹೆಸರಿಗೆ ಅಂಟಿಕೊಂಡಿದೆ. ಮನೆಮಂದಿಯ ಹೊದಿಕೆಗಾಗಿ ಮನೆಯಲ್ಲೇ ಹೊಲಿದವಳಿಗೆ ಮಾತ್ರ ಅಂಥ ಹೆಸರು ದೊರೆಯಲಿಲ್ಲ. ಕೂಲಿಯೂ ಇಲ್ಲ, ಕಾಯಕವೆಂಬ ಗೌರವವೂ ಇಲ್ಲ, ತೆರಿಗೆಯೂ ಇಲ್ಲ.

ವಿಜಯನಗರದ ಅರಮನೆಯನ್ನು ಕಂಡ ಪೋರ್ಚುಗೀಸರ ಬರಹಗಳಲ್ಲಿ ಹಾಸಿಗೆಯ ಪ್ರಸ್ತಾಪವಿದೆ. ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ ಸುಮಾರು ೧೫೨೦ರ ವೇಳೆಗೆ, ಬಂದಿದ್ದ ಡೊಮಿಂಗೊ ಪೇಸನಿಗೆ ಅರಮನೆಯ ಕೆಲವು ಕೋಣೆಗಳನ್ನು ನೋಡುವ ಅವಕಾಶ ದೊರೆಯಿತು. ಅಲ್ಲಿ ಕಪ್ಪು ಸ್ಯಾಟಿನ್ನಿನ ಮೆತ್ತೆಯ ಸುತ್ತ ಮುತ್ತಿನ ಪಟ್ಟಿಯಿದ್ದುದನ್ನೂ, ಅದರ ಮೇಲೆ ಎರಡು ದಿಂಬುಗಳ ಹೊರತು ಬೇರೆ ಹೊದಿಕೆ ಇರಲಿಲ್ಲವೆಂಬುದನ್ನೂ ಆತನು ಗಮನವಿಟ್ಟು ಬರೆದಿದ್ದಾನೆ. ಇಷ್ಟು ಸೂಕ್ಷ್ಮ ದೃಷ್ಟಿಯವನು ಪೇಟೆಯ ಬೀದಿಗಳಲ್ಲಿ ಸುಳಿದಾಡಿಯೂ ಸಾಮಾನ್ಯರ ಹಾಸಿಗೆಯ ಕಡೆ ನೋಡಲಿಲ್ಲ. ಅವನನ್ನು ದೂರಿ ಫಲವಿಲ್ಲ. ನೋಡಲು ಯಾರೂ ಅವನನ್ನು ಒಳಮನೆಗೆ ಕರೆದಿರಲಾರರು.

ಆದರೆ ಪದರ ಸೇರಿಸಿ ಹೊಲಿಯುವ ವಿದ್ಯೆ ಆ ಕಾಲದಲ್ಲಿ ಇಲ್ಲಿ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಬೇರೊಂದು ಕಡೆಯಿಂದ ಸಾಕ್ಷ್ಯ ಬರುತ್ತದೆ. ೧೬ನೆಯ ಶತಮಾನದ ಮೂವತ್ತರ ದಶಕದಲ್ಲಿ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜನು ರಾಯಚೂರಿನ ಮೇಲೆ ಹೊರಟ ರಾಯನ ಸೈನ್ಯವನ್ನು ವರ್ಣಿಸುವಾಗ, ಬಿಲ್ಲಿನವರೂ ಕೋವಿಯವರೂ ಪದರವಿಟ್ಟು ಹೊಲಿದ ದಪ್ಪ ಅಂಗಿಗಳನ್ನು ತೊಟ್ಟಿದ್ದರೆಂದು ಹೇಳುತ್ತಾನೆ. ಈ ಎರಡು ವೃತ್ತಾಂತಗಳನ್ನೂ ರಾಬರ್ಟ್ ಸಿವೆಲ್ಲರು ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದುದರಿಂದ ಅವು ಎಲ್ಲರಿಗೂ ದೊರಕುವಂತಾದವು. ಅಲ್ಲಿಂದ ಈಚೆಗೆ ಸೈನ್ಯದ ಸಂಖ್ಯೆಯನ್ನು ಕುರಿತು ನಡೆದಷ್ಟು ಚರ್ಚೆ ಆ ಸೈನಿಕರ ಮೈಮೇಲಿನ ಬಟ್ಟೆಯನ್ನು ಕುರಿತು ನಡೆದಿಲ್ಲ. ಬಟ್ಟೆಯ ಮೇಲೆ ಬಟ್ಟೆಯಿರಿಸಿ ಒತ್ತಾಗಿ ಹೊಲಿದರೆ ಬಾಣದ ವೇಗ ಕುಗ್ಗುತ್ತದೆ. ಅದೇ ಒತ್ತು ಹೊಲಿಗೆ ಚಳಿಯನ್ನೂ ತಡೆಯುತ್ತದೆ. ಅಂಗಿಯಿಂದ ಕೌದಿ ಬಂದಿತೋ ಕೌದಿಯಿಂದ ಅಂಗಿಯೋ ಎಂಬ ಪ್ರಶ್ನೆಯನ್ನು ನಾವು ಎತ್ತುವುದಿಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಒಂದೇ ವಿದ್ಯೆಯ ಎರಡು ಉಪಯೋಗಗಳಲ್ಲಿ ದಂಡಿಗೆ ಸೇರಿದ್ದು ಬರಹಕ್ಕೆ ಬಂದಿತು, ಮನೆಗೆ ಸೇರಿದ್ದು ಬರಲಿಲ್ಲ.

ಮಹಾನವಮಿಯ ಹಬ್ಬವೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಪೇಸನು ಕಂಡ ಒಂಬತ್ತು ದಿನಗಳ ಉತ್ಸವದ ವೈಭವವನ್ನು ಇಲ್ಲಿ ಮತ್ತೆ ವರ್ಣಿಸಬೇಕಾಗಿಲ್ಲ. ಮಹಾನವಮಿ ದಿಬ್ಬವು ಇಂದಿಗೂ ನಿಂತಿದೆ. ಈ ಸೀಮೆಯ ಮನೆಗಳಲ್ಲಿ ಅದೇ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಹೊಳೆಗೋ ಕಾಲುವೆಗೋ ಒಯ್ದು ಒಗೆಯುವ ಪದ್ಧತಿಯಿದೆ. ನೀರುಂಡ ಕೌದಿಯನ್ನು ಒಬ್ಬರೇ ಎತ್ತಲಾಗದು. ಇಬ್ಬರು ನಿಂತು ಎರಡು ತುದಿ ಹಿಡಿದು ಹಿಂಡಬೇಕು. ಒಗೆದ ಕೌದಿಗಳನ್ನು ಬಂಡೆಗಳ ಮೇಲೆ ಹರಡಿದ ದಿನ ಹೊಳೆಯ ದಡ ನೋಡತಕ್ಕದ್ದು.

ವಿಜಯನಗರವು ೧೫೬೫ರಲ್ಲಿ ಪಾಳಾದ ಮೇಲೆಯೂ ಮಗ್ಗವು ತೆರಿಗೆಯವರ ಕಣ್ಣಿನಿಂದ ಪಾರಾಗಲಿಲ್ಲ. ಬಳ್ಳಾರಿ ಸೀಮೆಯನ್ನು ನಿಜಾಮನು ೧೮೦೦ರಲ್ಲಿ ಕಂಪನಿಗೆ ಒಪ್ಪಿಸಿದನು. ಥಾಮಸ್ ಮನ್ರೋ ಇಲ್ಲಿನ ಮುಖ್ಯ ಕಲೆಕ್ಟರನಾಗಿ ೧೮೦೭ರವರೆಗೆ ಇದ್ದನು. ಮೊಹತರ್ಫಾ ಎಂಬ ಹೆಸರಿನಿಂದ ಮಗ್ಗ, ಅಂಗಡಿ, ಕಸುಬುಗಳ ಮೇಲಿನ ತೆರಿಗೆ ಮದ್ರಾಸ್ ಇಲಾಖೆಯಲ್ಲಿ ೧೯ನೆಯ ಶತಮಾನದ ನಡುವಿನವರೆಗೂ ನಡೆಯಿತು. ಹೀಗೆ ಅರಸರ ಕಾಲದ ಮಗ್ಗದೆರೆಯಿಂದ ಕಂಪನಿಯ ಮೊಹತರ್ಫಾದವರೆಗೆ ಮಗ್ಗಕ್ಕೆ ಒಂದು ಅಖಂಡ ಕಾಗದಪತ್ರವಿದೆ. ಕಂಬಳಿಗೂ ಅಷ್ಟಿಷ್ಟು ಇದೆ. ಕುರುಬರು ನೇಯುವ ಕಂಬಳಿ ಬಳ್ಳಾರಿ ಸೀಮೆಯ ಹೆಸರಾದ ಸರಕು. ಕುರಿಯ ಹಿಂದೆ ನಡೆಯುತ್ತಲೇ ಉಣ್ಣೆ ನೂತು, ಹಾಸಿಗೆ ಹುಣಸೆಬೀಜದ ಗಂಜಿಯನ್ನು ತೊಡೆದು, ನೆಲದ ಕುಣಿಮಗ್ಗದಲ್ಲಿ ನೇಯುವ ಆ ಕ್ರಮವನ್ನು ಬೇರೆಯಾಗಿಯೇ ವಿವರಿಸಬೇಕು. (ಕಂಪ್ಲಿಗೆ ಕಂಬಳಿಯಿಂದ ಹೆಸರು ಬಂದಿತೆಂದು ಒಬ್ಬ ಹಿರಿಯರು ನಮಗೆ ಬಹಳ ವಿಶ್ವಾಸದಿಂದ ತಿಳಿಸಿದರು. ೧೪ನೆಯ ಶತಮಾನದ ಆರಂಭದಲ್ಲಿ ಕುಮಾರರಾಮನ ತಂದೆ ಕಂಪಿಲರಾಯನು ಆಳಿದ ರಾಜ್ಯದ ಹೆಸರು ಊರಿಗೆ ಅಂಟಿರುವಾಗ ಈ ವ್ಯುತ್ಪತ್ತಿಯನ್ನು ಒಪ್ಪುವುದು ಕಷ್ಟ.)

ಇನ್ನು ಕೌದಿಯ ರಚನೆಯನ್ನು ನೋಡೋಣ. ಸೀರೆ ಧೋತರಗಳು ಕತ್ತರಿಸದ, ಹೊಲಿಯದ ಬಟ್ಟೆಗಳು. ಅವು ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಕುಳಿತು ಏಳುವ ಜಾಗ ಮೊದಲು ಜಾಳಾಗುತ್ತದೆ, ಸೆರಗೂ ಅಂಚೂ ಗಟ್ಟಿಯಾಗಿ ಉಳಿಯುತ್ತವೆ. ಹೊಲಿಯುವವಳು ಜಾಳಾದ ಭಾಗವನ್ನು ಒಳಪದರಕ್ಕೆ ಹಾಕಿ, ಗಟ್ಟಿ ಭಾಗವನ್ನು ಮೇಲೆ ತೇಪೆಯಾಗಿ ಇರಿಸುತ್ತಾಳೆ. ಆದುದರಿಂದ ಮೇಲೆ ಕಾಣುವ ಇಳಕಲ್ಲಿನ ಸೆರಗು, ಬಣ್ಣದ ಅಂಚುಗಳು ಕೇವಲ ಅಲಂಕಾರವಲ್ಲ. ಬಟ್ಟೆಯ ಬಲಾಬಲದ ಲೆಕ್ಕಾಚಾರ ಅವುಗಳ ಹಿಂದೆ ಇದೆ. ಹೊಲಿಗೆ ಒಂದೇ ಬಗೆಯದು, ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ. ಅದು ಹೊರಗಿನ ಅಂಚಿನಿಂದ ಆರಂಭವಾಗಿ ಚೌಕದೊಳಗೆ ಚೌಕವಾಗಿ ನಡುವಿನ ಕಡೆಗೆ ಸಾಗುತ್ತದೆ. ನಡುವನ್ನು ಮುಚ್ಚುವ ಮುನ್ನ ಒಂದು ಚೂರು ರೊಟ್ಟಿಯನ್ನೋ ಸಿಹಿಯನ್ನೋ ಒಳಗಿರಿಸುವ ಪದ್ಧತಿಯನ್ನು ಕೆಲವರು ಹೇಳಿದರು. ಕೌದಿ ಹಸಿದಿರಬಾರದಂತೆ. ಇದನ್ನು ಕೇಳಿ ನಗುವವರು ಇರಬಹುದು. ಮನೆ ಕಟ್ಟುವಾಗ ತಳಪಾಯದಲ್ಲಿ ನವಧಾನ್ಯ ಇರಿಸುವವರಿಗೆ ಇದು ವಿಚಿತ್ರವಾಗಿ ತೋರಬಾರದು.

ಎಲ್ಲ ಕೌದಿಯೂ ಮನೆಯವರೇ ಹೊಲಿದದ್ದೆಂದು ಹೇಳಲಾಗದು. ಊರೂರು ತಿರುಗುವ ಗೊಂದಲಿಗರ, ಬುಡ್ಗಜಂಗಮರ ಹೆಂಗಸರು ಬಟ್ಟೆ ಕೊಟ್ಟವರ ಮನೆಯ ಕಟ್ಟೆಯ ಮೇಲೆ ಕುಳಿತು, ಕಾಳಿಗೋ ಹಣಕ್ಕೋ ಹೊಲಿದುಕೊಡುವುದು ಉತ್ತರ ಕರ್ನಾಟಕದಲ್ಲಿ ರೂಢಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದ, ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ ಇವೆಲ್ಲವೂ ಒಂದೇ ಬಳಗದವು. ಕಾಂಥಾ ಎಂಬ ಹೆಸರಿಗೂ ನಮ್ಮ ಜೋಗಿಗಳ ಕಂಥೆಗೂ ಇರುವ ನಂಟು ಗಮನಾರ್ಹ: ಸಂನ್ಯಾಸಿಯ ತೇಪೆಯ ಹೊದಿಕೆಗೆ ಸಾಹಿತ್ಯದಲ್ಲಿ ಸ್ಥಾನ ದೊರೆಯಿತು, ಗೃಹಿಣಿಯ ತೇಪೆಯ ಹೊದಿಕೆ ಅಟ್ಟದ ಮೇಲೆ ಉಳಿಯಿತು.

ಸೂಜಿಯ ಕೆಲಸವು ಕೊನೆಗೂ ಲೆಕ್ಕಕ್ಕೆ ಬಂದ ಒಂದು ಉದಾಹರಣೆ ಸಂಡೂರಿನಲ್ಲಿ ದೊರೆಯುತ್ತದೆ. ಲಂಬಾಣಿಗರು ೧೭ನೆಯ ಶತಮಾನದಲ್ಲಿ ಮೊಗಲ ಸೈನ್ಯಗಳಿಗೆ ಧಾನ್ಯ ಹೊತ್ತು ದಕ್ಷಿಣಕ್ಕೆ ಬಂದರೆಂಬುದು ಸಾಮಾನ್ಯವಾಗಿ ಒಪ್ಪಿದ ಅಭಿಪ್ರಾಯ. ೧೭೯೯ರ ಶ್ರೀರಂಗಪಟ್ಟಣದ ಯುದ್ಧದಲ್ಲಿಯೂ ಇಂಗ್ಲಿಷರ ದಂಡು ಅವರ ಎತ್ತಿನ ಹೇರುಗಳನ್ನು ನಂಬಿತ್ತು. ರಸ್ತೆ ರೈಲುಗಳು ಬಂದ ಮೇಲೆ ಆ ವ್ಯಾಪಾರ ಕ್ಷೀಣಿಸಿ ಅವರು ತಾಂಡಾಗಳಲ್ಲಿ ನೆಲೆಸಿದರು. ಅವರ ಫೇಟಿಯಾ, ಕಾಂಚಳಿಗಳ ಮೇಲಿನ ಕನ್ನಡಿ, ಕವಡೆ, ತೇಪೆ, ಬಣ್ಣದ ದಾರದ ಕಸೂತಿ ತಮಗಾಗಿ, ತಮ್ಮ ಮಗಳ ಮದುವೆಗಾಗಿ ಹೊಲಿದುಕೊಂಡದ್ದು. ಘೋರ್ಪಡೆಯವರ ಸಂಡೂರು ಸಂಸ್ಥಾನವು ೧೯೪೯ರಲ್ಲಿ ವಿಲೀನವಾಗಿ ಕೆಲವು ದಶಕಗಳು ಕಳೆದ ಮೇಲೆ, ಎಂಬತ್ತರ ದಶಕದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರವು ಈ ಕಸೂತಿಯನ್ನು ಮಾರುಕಟ್ಟೆಗೆ ತರುವ ಕೆಲಸಕ್ಕೆ ತೊಡಗಿತು. ೨೦೧೦ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ೨೦೨೩ರ ಜುಲೈಯಲ್ಲಿ ಹಂಪೆಯಲ್ಲಿ ನಡೆದ ಜಿ-೨೦ ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ೪೫೦ಕ್ಕಿಂತ ಹೆಚ್ಚು ಲಂಬಾಣಿ ಹೆಂಗಸರು ಸಿದ್ಧಪಡಿಸಿದ ೧೭೫೫ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಮಹಾನವಮಿ ದಿಬ್ಬದ ಊರಿನಲ್ಲಿ ಮನೆಯ ಹೊಲಿಗೆಯನ್ನು ಒಂದೊಂದಾಗಿ ಎಣಿಸಿ ಬರೆದಿಟ್ಟ ಬೇರೊಂದು ಪ್ರಸಂಗವನ್ನು ನಾವು ಅರಿಯೆವು.

ಇದು ಸಂತೋಷದ ವಿಷಯವೇ ಸರಿ. ಕೂಲಿ ಬಂದಿತು, ಹೆಸರೂ ಬಂದಿತು. ಆದರೆ ಎಣಿಕೆಗೆ ಬಂದದ್ದು ಮಾರಾಟಕ್ಕೆ ಬಂದುದರಿಂದ ಎಂಬುದನ್ನು ಮರೆಯಲಾಗದು. ಶಾಸನಗಳ ಕಾಲದಲ್ಲಿ ಮಗ್ಗಕ್ಕೆ ತೆರಿಗೆ ಮಾಡಿದ ಉಪಕಾರವನ್ನು ಇಂದು ಸೂಜಿಗೆ ಸಂತೆ ಮಾಡಿದೆ. ಹೊಳೆಯ ಆಚೆಯ ಆನೆಗೊಂದಿಯಲ್ಲಿಯೂ ಇದೇ ಕ್ರಮ ಕಾಣುತ್ತದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ಕೆಳಗೆ ಇಂದಿಗೂ ಬಾಳೆಯ ತೋಟಗಳಿವೆ. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ದಿಂಡಿನ ನಾರನ್ನು ಹೊಸೆದು ಚೀಲ, ಚಾಪೆ, ಬುಟ್ಟಿಗಳನ್ನು ಹೆಣೆಯುವ ಕೆಲಸವನ್ನು ೧೯೯೭ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟ್ ಅಲ್ಲಿನ ಹೆಂಗಸರಿಗೆ ಕಲಿಸಿತು. ಮನೆಗೆಲಸದ ನಡುವೆ ಮಾಡುವ ಕೆಲಸವೇ ಆದರೂ ತುಂಡಿಗಿಷ್ಟು ಎಂದು ಬೆಲೆ ಗೊತ್ತಾಗಿರುವುದರಿಂದ ಅದರ ಕಾಗದಪತ್ರ ಉಳಿಯುತ್ತದೆ. ಮಾರಲು ಬಾರದ, ಯಾರೂ ಕೊಳ್ಳಬಯಸದ ಮನೆಬಳಕೆಯ ಕೌದಿ ಮಾತ್ರ ಹಿಂದಿನಂತೆಯೇ ಲೆಕ್ಕದ ಹೊರಗೆ ನಿಂತಿದೆ.

ಹೊರಗೆ ನಿಂತಿರುವುದಷ್ಟೇ ಅಲ್ಲ, ಕಡಿಮೆಯೂ ಆಗುತ್ತಿದೆ. ನೂಲಿನ ಸೀರೆಯ ಸ್ಥಾನಕ್ಕೆ ಪಾಲಿಯೆಸ್ಟರ್ ಬಂದ ಮೇಲೆ ಹಳೆಯ ಬಟ್ಟೆಯ ಗುಣವೇ ಬದಲಾಯಿತು. ಅದು ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಪದರವಾಗಿ ಕೂಡಿಕೊಳ್ಳುವುದಿಲ್ಲ. ಹೊಸಪೇಟೆಯ ಅಂಗಡಿಗಳಲ್ಲಿ ಗಿರಣಿಯ ರಗ್ಗು ಅಗ್ಗವಾಗಿ ದೊರೆಯುತ್ತದೆ. ಒಂದು ಮನೆಯಲ್ಲಿ ಕೌದಿ ಇದೆಯೇ ಎಂದು ಕೇಳಿದಾಗ, ಕಳೆದ ವರುಷವೇ ಎಮ್ಮೆಯ ಕೊಟ್ಟಿಗೆಗೆ ಹಾಕಿದೆವೆಂದು ಉತ್ತರ ಬಂದಿತು. ನಾವು ಕೊಟ್ಟಿಗೆಗೂ ಹೋಗಿ ನೋಡಿದೆವು, ಗುರುತಿಸಬಹುದಾದದ್ದೇನೂ ಉಳಿದಿರಲಿಲ್ಲ.

ಮರಿಯಮ್ಮನಹಳ್ಳಿಯ ಒಂದು ಕೌದಿಯ ವಿವರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಕೊಡುತ್ತೇವೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ಮುಗಿಯಿತೆಂಬುದೂ, ಜಲಾಶಯದಲ್ಲಿ ನಾರಾಯಣದೇವರಕೆರೆ ಮೊದಲಾದ ಊರುಗಳು ಮುಳುಗಿದುವೆಂಬುದೂ, ಆ ಊರಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರೆಂಬುದೂ ಪ್ರಸಿದ್ಧ ಸಂಗತಿಗಳು. ನಾವು ಕಂಡ ಕೌದಿ ಅಂಥ ಒಂದು ಮನೆಯದು. ಅದನ್ನು ಮೊದಲು ಹೊಲಿದವರು ಈಗಿನ ಯಜಮಾನಿಯ ಅತ್ತೆ, ಹಳೆಯ ಊರಿನಲ್ಲಿ. ಉದ್ದ ನಾಲ್ಕೂವರೆ ಮೊಳ, ಅಗಲ ಮೂರೂಕಾಲು ಮೊಳ. ಮೇಲಿನ ಪದರ ಹರಿದಂತೆ ಹೊಸ ಸೀರೆಯೊಂದನ್ನು ಹೊದಿಸಿ ಮತ್ತೆ ಹೊಲಿಯುವುದು ಕೌದಿಯ ಕ್ರಮವಾದುದರಿಂದ ಒಂದರೊಳಗೆ ಒಂದಾಗಿ ಅದರಲ್ಲಿ ಮೂರು ಕೌದಿಗಳಿದ್ದುವು. ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿ ಹೋಗಿದ್ದ ಕಡೆ ಅವುಗಳ ಅಂಚನ್ನು ಕಾಣಬಹುದಾಗಿತ್ತು. ಮೇಲಿನದು ಗಿರಣಿಯ ಹೂವಿನ ಅಚ್ಚಿನ ಸೀರೆ. ಅದರ ಕೆಳಗೆ ಖಾಕಿಯ ಎರಡು ಅಗಲವಾದ ತುಂಡುಗಳು. ಮಾವನವರು ಅಣೆಕಟ್ಟಿನ ಕೆಲಸಕ್ಕೆ ಹೋಗುವಾಗ ತೊಡುತ್ತಿದ್ದ ಚಡ್ಡಿಯವೆಂದು ಯಜಮಾನಿ ಹೇಳಿದರು. ಒಂದು ಬಿಳಿಯ ತುಂಡಿನ ಮೇಲೆ ಗಿರಣಿಯ ನೀಲಿ ಮುದ್ರೆಯ ಅರ್ಧ ಉಳಿದಿತ್ತು, ಅಕ್ಷರ ಓದಲಾಗಲಿಲ್ಲ. ಎಲ್ಲಕ್ಕಿಂತ ಕೆಳಗೆ ಕೈಮಗ್ಗದ ಒರಟು ನೂಲಿನ ಸೀರೆ, ಬಣ್ಣವೆಲ್ಲ ಹೋಗಿ ಬೂದಿಯಾದದ್ದು. ಅದು ಹಳೆಯ ಊರಿನಲ್ಲಿ ಉಟ್ಟ ಸೀರೆ.

ಮುಳುಗಿದ ಊರಿನ ವಿಷಯವಾಗಿ ಭೂಸ್ವಾಧೀನದ ಕಾಗದಗಳು ಸರ್ಕಾರಿ ಕಚೇರಿಗಳಲ್ಲಿ ದೊರೆಯುತ್ತವೆ. ಹೊಲ ಎಷ್ಟು, ಮನೆ ಎಷ್ಟು, ಪರಿಹಾರ ಎಷ್ಟು ಎಂಬುದನ್ನು ಅವು ಹೇಳುತ್ತವೆ. ಆ ಮನೆಯ ಹೆಂಗಸು ಏನನ್ನು ಉಟ್ಟಿದ್ದಳು, ಗಂಡನು ತನ್ನ ಊರನ್ನೇ ಮುಳುಗಿಸುವ ಅಣೆಕಟ್ಟಿಗೆ ಕೂಲಿಗೆ ಹೋದಾಗ ಏನು ತೊಟ್ಟಿದ್ದನು, ಊರು ಬಿಡುವಾಗ ಗಾಡಿಯಲ್ಲಿ ಏನನ್ನು ಹೇರಿದರು ಎಂಬುದನ್ನು ಈ ಕೌದಿಯ ಹೊರತು ಮತ್ತಾವ ದಾಖಲೆಯೂ ಹೇಳುವುದಿಲ್ಲ. ಉತ್ಖನನ ಮಾಡುವವರು ಮಣ್ಣಿನ ಸ್ತರಗಳನ್ನು ಓದುವಂತೆ ಇದನ್ನು ಮೇಲಿನಿಂದ ಕೆಳಕ್ಕೆ ಓದಬಹುದು. ಹೊಲಿದವರ ಬಾಯಿಮಾತು ಜೊತೆಗಿದ್ದರೆ ಮಾತ್ರ ಓದು ಪೂರ್ಣವಾದೀತು. ಖಾಕಿಯ ತುಂಡು ತಾನಾಗಿ ಏನನ್ನೂ ಹೇಳದು.

ವಿಭಾಗದ ಸಂಗ್ರಹಕ್ಕೆ ಈ ಕೌದಿಯನ್ನು ಕೊಡಬಹುದೇ ಎಂದು ನಾವು ಸಂಕೋಚದಿಂದಲೇ ಕೇಳಿದೆವು. ಬದಲಿಗೆ ಹೊಸ ಹೊದಿಕೆಗಳನ್ನು ಕೊಡುವೆವೆಂದೂ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಕೌದಿಯ ಮೇಲೆ ಕೈಯಾಡಿಸುತ್ತ ಕುಳಿತಿದ್ದು, "ಮಡಿಚಿ ಇಟ್ರ ಇಲಿ ಕಡೀತಾವ ತಮ್ಮಾ, ಹೊದ್ರ ಬಾಳ್ತೈತಿ" ಎಂದರು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪೆಟ್ಟಿಗೆಯಲ್ಲಿ ಇರಿಸಿದರೆ ಪದರಗಳು ನಿಂತಲ್ಲಿಯೇ ನಿಲ್ಲುತ್ತವೆ, ಓದುವವನಿಗೆ ಅನುಕೂಲ. ಆದರೆ ಮೇಲೆ ಮೇಲೆ ಹೊಲಿಯುತ್ತ ಬಂದುದರಿಂದಲೇ ಕೆಳಗಿನ ಸೀರೆ ಇಷ್ಟು ವರುಷ ಉಳಿದಿದೆ. ಅನುಮತಿ ಪಡೆದು ಅಳತೆ ತೆಗೆದುಕೊಂಡೆವು, ಬಿಚ್ಚಿದ ಮೂಲೆಯ ಛಾಯಾಚಿತ್ರಗಳನ್ನು ತೆಗೆದೆವು, ಯಾವ ತುಂಡು ಯಾರದೆಂಬುದನ್ನು ಆಕೆ ಹೇಳಿದಂತೆ ಬರೆದುಕೊಂಡೆವು. ನಾವು ಹೊರಡುವ ವೇಳೆಗೆ ಆಕೆಯ ಸೊಸೆ ಹಸಿರು ನೂಲಿನ ಸೀರೆಯೊಂದನ್ನು ಒಳಗಿನಿಂದ ತಂದು ಅಂಗಳದಲ್ಲಿ ಹಾಸಿದರು. ಆ ಬೇಸಿಗೆಯಲ್ಲಿ ಹೊದಿಸಬೇಕಾದ ಹೊಸ ಪದರ ಅದೇ ಆಗಿತ್ತು. ಬಿಚ್ಚಿದ ಮೂಲೆಯಿಂದಲೇ ಹೊಲಿಗೆ ಆರಂಭವಾಯಿತು.